ಬಲಿಷ್ಠರ ನಡುವೆ ಬಾಳುವ ಬಗೆ

ಎರಡು ಕೋಣಗಳು ಕಾದಿದರೆ ನಡುವಣ ಗಿಡಕ್ಕೆ ಮೃತ್ಯುವೆಂದು ನಮ್ಮ ಹಿರಿಯರು ಹೇಳಿದರು. ಮಾತು ಸತ್ಯವೇ. ಆದರೆ ಗಿಡವು ನಿಂತಲ್ಲಿಯೇ ನಿಲ್ಲತಕ್ಕದ್ದು. ಅದಕ್ಕೆ ಮಂತ್ರಾಲೋಚನೆಯಿಲ್ಲ, ದೂತರಿಲ್ಲ, ಕೋಶವಿಲ್ಲ. ರಾಜ್ಯಕ್ಕಾದರೋ ಇವೆಲ್ಲವೂ ಉಂಟು. ಹಾಗಿರುವಲ್ಲಿ, ಇಬ್ಬರು ಬಲಿಷ್ಠರ ನಡುವೆ ಸಿಕ್ಕ ಚಿಕ್ಕ ರಾಜ್ಯವು ಗಿಡದಂತೆ ತುಳಿತಕ್ಕೆ ಸಿಕ್ಕಿಯೇ ತೀರಬೇಕೆ, ಅಥವಾ ವಿವೇಕದಿಂದ ತನ್ನನ್ನು ಉಳಿಸಿಕೊಳ್ಳಬಹುದೆ ಎಂಬ ಪ್ರಶ್ನೆ ಹುಟ್ಟುತ್ತದೆ. ಅದನ್ನು ಈ ಲೇಖನದಲ್ಲಿ ಯಥಾಶಕ್ತಿ ವಿಚಾರಿಸೋಣ.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವಾಚಕರು ಪುಟವನ್ನು ತಿರುವಿಬಿಡಬಾರದು. ನೇಪಾಳವು ಚೀನದೊಡನೆ ಒಪ್ಪಂದ ಮಾಡಿಕೊಂಡಿತೆಂದೂ, ಶ್ರೀಲಂಕೆಯು ತನ್ನ ಬಂದರನ್ನು ಚೀನದವರಿಗೆ ಗುತ್ತಿಗೆ ಕೊಟ್ಟಿತೆಂದೂ, ಮಾಲ್ಡೀವ್ ದ್ವೀಪಗಳವರು ನಮ್ಮ ಸೈನಿಕರನ್ನು ಹಿಂದಕ್ಕೆ ಕಳುಹಿಸಿದರೆಂದೂ ಪತ್ರಿಕೆಯಲ್ಲಿ ಓದಿದಾಗ, ಜಗಲಿಯ ಮೇಲೆ ಕುಳಿತ ಮಹನೀಯರು “ಉಂಡ ಮನೆಗೆ ಎರಡು ಬಗೆಯುವ ಜನ” ಎಂದು ಸಿಟ್ಟಾಗುವುದನ್ನು ನಾವು ಅನೇಕ ಸಲ ಕೇಳಿದ್ದೇವೆ. ಸಿಟ್ಟು ಸಹಜ. ಆದರೆ ಹೀಗೆ ಹೇಳುವವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಿವಾಸಿಗಳಾಗಿದ್ದಲ್ಲಿ, ಒಮ್ಮೆ ತಲೆಯೆತ್ತಿ ತಮ್ಮ ಬೆಟ್ಟದ ಕೋಟೆಯನ್ನು ನೋಡಬೇಕೆಂದು ನಮ್ಮ ಪ್ರಾರ್ಥನೆ. ಇಂದು ನೇಪಾಳ ಸಿಂಹಳಗಳು ಪಡುತ್ತಿರುವ ಇಕ್ಕಟ್ಟನ್ನೇ ಇನ್ನೂರು ವರ್ಷಗಳ ಕಾಲ ಪಟ್ಟ ನೆಲ ನಮ್ಮದು.

ಮೊದಲು ಶಾಸ್ತ್ರವನ್ನು ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರು ಮಾತ್ರವಾಗಿ ಉಳಿದಿತ್ತು. ಅದರ ಓಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಕನ್ನಡ ನಾಡಿನಲ್ಲಿಯೇ ಮತ್ತೆ ಕಣ್ಣು ತೆರೆದ ಈ ಗ್ರಂಥದ ಏಳನೆಯ ಅಧಿಕರಣಕ್ಕೆ ಷಾಡ್ಗುಣ್ಯವೆಂದು ಹೆಸರು. ಪರರಾಜ್ಯಗಳೊಡನೆ ವರ್ತಿಸುವುದಕ್ಕೆ ಆರು ಉಪಾಯಗಳನ್ನು ಅದರಲ್ಲಿ ಹೇಳಿದೆ. ಒಡಂಬಡಿಕೆ ಮಾಡಿಕೊಳ್ಳುವುದು ಸಂಧಿ. ಎದುರು ನಿಲ್ಲುವುದು ವಿಗ್ರಹ. ಸುಮ್ಮನೆ ಕಾದು ಕುಳಿತಿರುವುದು ಆಸನ. ಸಿದ್ಧನಾಗಿ ಮುಂದೆ ಸಾಗುವುದು ಯಾನ. ಬಲಿಷ್ಠನೊಬ್ಬನ ಮರೆಹೊಗುವುದು ಸಂಶ್ರಯ. ಒಬ್ಬನೊಡನೆ ಸಂಧಿ ಮಾಡಿಕೊಂಡು ಮತ್ತೊಬ್ಬನೊಡನೆ ವಿಗ್ರಹ ನಡೆಸುವುದು ದ್ವೈಧೀಭಾವ. ಸಂಧಿ ವಿಗ್ರಹಗಳೆರಡರಿಂದಲೂ ಸಮಾನವಾದ ಫಲವೇ ದೊರೆಯುವಂತಿದ್ದರೆ ಸಂಧಿಯನ್ನೇ ಆರಿಸತಕ್ಕದ್ದೆಂದೂ, ಯುದ್ಧದಿಂದ ಜನನಾಶ ಧನನಾಶಗಳೆರಡೂ ತಪ್ಪವೆಂದೂ ಕೌಟಿಲ್ಯನ ಅಭಿಪ್ರಾಯ. ಕುಟಿಲನೆಂದು ಹೆಸರು ಪಡೆದವನ ಬಾಯಿಂದ ಬಂದ ಮಾತೆಂಬುದನ್ನು ವಾಚಕರು ಗಮನಿಸಬೇಕು.

ದುರ್ಬಲ ರಾಜನಿಗಾಗಿಯೇ ಆತನು ಹನ್ನೆರಡನೆಯ ಅಧಿಕರಣವನ್ನು ಮೀಸಲಿಟ್ಟಿದ್ದಾನೆ. ಅದಕ್ಕೆ ಆಬಲೀಯಸವೆಂದು ಹೆಸರು. ಅಲ್ಲಿ ಇಬ್ಬರು ಪೂರ್ವಾಚಾರ್ಯರ ಮತಗಳು ಬರುತ್ತವೆ. ಬಲಿಷ್ಠನ ಮುಂದೆ ಹೊಳೆಯ ದಡದ ಜೊಂಡಿನಂತೆ ಬಾಗಬೇಕೆಂದು ಭಾರದ್ವಾಜನ ಮತ. ಗೆದ್ದರೂ ಸೋತರೂ ಕಾದಿಯೇ ತೀರಬೇಕೆಂದು ವಿಶಾಲಾಕ್ಷನ ಮತ. ಕೌಟಿಲ್ಯನು ಇವೆರಡನ್ನೂ ಒಪ್ಪುವುದಿಲ್ಲ. ಎಲ್ಲರಿಗೂ ಬಾಗುತ್ತ ಹೋಗುವವನು ಹಿಂಡಿನಿಂದಗಲಿದ ಟಗರಿನಂತೆ ಬಾಳಿನಲ್ಲಿ ಆಸೆಯಿಲ್ಲದವನಾಗುತ್ತಾನೆ. ಅಲ್ಪ ಸೇನೆಯಿಂದ ಕಾದುವವನು ದೋಣಿಯಿಲ್ಲದೆ ಕಡಲಿಗಿಳಿದವನಂತೆ ಮುಳುಗುತ್ತಾನೆ. ಆದುದರಿಂದ ತನ್ನ ಶತ್ರುವಿಗೆ ಸಮನಾದ ಅಥವಾ ಮಿಗಿಲಾದ ರಾಜನನ್ನಾಗಲಿ, ಭೇದಿಸಲಾಗದ ದುರ್ಗವನ್ನಾಗಲಿ ಆಶ್ರಯಿಸಬೇಕೆಂದು ಆತನ ಸಿದ್ಧಾಂತ.

ಅದೇ ಎಡೆಯಲ್ಲಿ ದಂಡೆತ್ತಿ ಬರುವ ಬಲಿಷ್ಠರನ್ನು ಆತನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಶರಣಾಗತಿಯಿಂದಲೇ ತೃಪ್ತನಾಗುವವನು ಧರ್ಮವಿಜಯಿ. ಭೂಮಿ ದ್ರವ್ಯಗಳಿಂದ ತೃಪ್ತನಾಗುವವನು ಲೋಭವಿಜಯಿ. ಭೂಮಿ, ದ್ರವ್ಯ, ಮಡದಿ, ಮಕ್ಕಳು, ಪ್ರಾಣ ಇವೆಲ್ಲವನ್ನೂ ತೆಗೆದುಕೊಂಡಲ್ಲದೆ ತೃಪ್ತನಾಗದವನು ಅಸುರವಿಜಯಿ. ಎದುರಿಗೆ ಬಂದವನು ಈ ಮೂವರಲ್ಲಿ ಯಾರೆಂದು ತಿಳಿಯುವುದೇ ದುರ್ಬಲನ ಮೊದಲ ಕೆಲಸ. ಈ ವಿಂಗಡಣೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಚಿತ್ರದುರ್ಗದ ನಾಯಕರ ವಂಶಕ್ಕೆ ಮೂಲಪುರುಷನಾದ ತಿಮ್ಮಣ್ಣನಾಯಕನು 16ನೆಯ ಶತಮಾನದಲ್ಲಿ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆಗೂ, ಬಳಿಕ ಹಿರಿಯೂರಿಗೂ, ಅನಂತರ ಚಿತ್ರದುರ್ಗಕ್ಕೂ ನಾಯಕತನವನ್ನು ಪಡೆದನೆಂದು ಹೇಳುತ್ತಾರೆ. 1565ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರವು ಮುರಿದುಬಿದ್ದ ಮೇಲೆ ಇಂಥ ನಾಯಕರಿಗೆಲ್ಲ ನೆರಳು ಕೊಡುತ್ತಿದ್ದ ಮರವೇ ಇಲ್ಲದಂತಾಯಿತು. ತಿಮ್ಮಣ್ಣನ ಮಗ ಓಬಣ್ಣನಾಯಕನ ಕಾಲದಿಂದ ದುರ್ಗವು ಸ್ವತಂತ್ರವಾಗಿ ನಡೆಯತೊಡಗಿತು. ಹೊಸದುರ್ಗಕ್ಕೆ ಆ ಹೆಸರನ್ನು ತಂದ ಬೆಟ್ಟದ ಕೋಟೆಯನ್ನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದವನು ಇದೇ ವಂಶದ ಚಿಕ್ಕಣ್ಣನಾಯಕನು. ಬಾಗೂರಿನ ಕಡೆಗೆ ದಂಡು ನಡೆಸುವುದಕ್ಕೆ ನೆಲೆಯಾಗಲೆಂದು ಅದನ್ನು ಕಟ್ಟಿಸಿದನೆಂದು ಪ್ರತೀತಿ.

ಈ ರಾಜ್ಯದ ನೆರೆಹೊರೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿರಿ. ಪಶ್ಚಿಮಕ್ಕೆ ಕೆಳದಿ ಬಿದನೂರಿನ ಅರಸರು, ಉತ್ತರಕ್ಕೆ ಹರಪನಹಳ್ಳಿಯ ನಾಯಕರು, ಅವರಾಚೆ ಸವಣೂರಿನ ನವಾಬರು, ಪೂರ್ವಕ್ಕೆ ರಾಯದುರ್ಗದವರು. ಇವರೆಲ್ಲರೂ ಹೆಚ್ಚುಕಡಮೆ ಸರಿಸಮಾನರಾದ ಚಿಕ್ಕವರು. ಇವರೆಲ್ಲರ ತಲೆಯ ಮೇಲೆ ದೊಡ್ಡ ಬಲಗಳು ಒಂದಾದ ಮೇಲೊಂದರಂತೆ ಬಂದುವು. ಮೊದಲು ಬಿಜಾಪುರ, 1686ರಲ್ಲಿ ಅದು ಬಿದ್ದ ಮೇಲೆ ಮೊಗಲರು, ಅವರೊಡನೆ ಹೋರಾಡುತ್ತ ಮರಾಠರು, ಕೊನೆಗೆ ಮೈಸೂರಿನ ಹೈದರಾಲಿ. ಹಿರಿಯೂರಿಗೆ ನೆರೆಯದಾದ ಶಿರಾ ನಗರವು ಮೊಗಲರ ಸುಬೇದಾರಿಯ ಪಟ್ಟಣವಾಯಿತು. ಶಿರಾದಿಂದ ದುರ್ಗಕ್ಕೆ ಬರುವ ದಾರಿ ಹಿರಿಯೂರಿನ ಮೇಲೆಯೇ. ದಂಡು ಬಂದರೆ ಮೊದಲು ಮೇವು ಕೊಡಬೇಕಾದವರು ಹಿರಿಯೂರಿನ ಒಕ್ಕಲುಗಳು.

ಇಂಥ ಇಕ್ಕಟ್ಟಿನಲ್ಲಿಯೂ ದುರ್ಗದವರು ಜಾಣತನದಿಂದ ನಡೆದುಕೊಂಡ ಕಾಲವುಂಟು. ಭರಮಣ್ಣನಾಯಕನು 1689ರಿಂದ 1721ರವರೆಗೆ ಆಳಿದನು. ಆಗ ಔರಂಗಜೇಬನ ಸೇನೆಗಳು ದಕ್ಷಿಣದ ತುಂಬ ಹರಡಿಕೊಂಡಿದ್ದುವು. 1695ರ ಕೊನೆಯಲ್ಲಿ ಮರಾಠರ ದಂಡನಾಯಕ ಸಂತಾಜಿ ಘೋರ್ಪಡೆಯು ಮೊಗಲ ಸರದಾರ ಕಾಸಿಂಖಾನನನ್ನು ಇಂದಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಮುತ್ತಿ, ಅನ್ನ ಮೇವುಗಳಿಲ್ಲದಂತೆ ಮಾಡಿದನು. ಖಾನನು ಅಲ್ಲಿಯೇ ಸತ್ತನು. ಉಳಿದವರು ಭಾರಿ ದ್ರವ್ಯವನ್ನು ತೆತ್ತು ಪ್ರಾಣ ಉಳಿಸಿಕೊಂಡರು. ಮಾರನೆಯ ವರ್ಷದ ಆರಂಭದಲ್ಲಿ ಬಸವಾಪಟ್ಟಣದ ಬಳಿ ಹಿಮ್ಮತ್‌ಖಾನನೆಂಬ ಇನ್ನೊಬ್ಬ ಸರದಾರನೂ ಬಿದ್ದನು. ಈ ಪ್ರಸಂಗದಲ್ಲಿ ದುರ್ಗದ ನಾಯಕನು ಸಂತಾಜಿಯ ಪಕ್ಷದಲ್ಲಿದ್ದನು. ಆದರೂ ಮೊಗಲರ ಕೋಪಕ್ಕೆ ಸಿಕ್ಕಿ ಆತನ ರಾಜ್ಯ ಅಳಿಯಲಿಲ್ಲ. ಮುಂದೆ ಇಪ್ಪತ್ತೈದು ವರ್ಷ ಆಳಿ, ಕೆರೆಗಳನ್ನೂ ದೇವಾಲಯಗಳನ್ನೂ ಕಟ್ಟಿಸಿದನು. ಹೊಳಲ್ಕೆರೆಯ ದಾರಿಯಲ್ಲಿ ಸಿಕ್ಕುವ ಭೀಮಸಮುದ್ರದ ಕೆರೆ ಆತನದೆಂದೇ ಜನರ ನಂಬಿಕೆ.

ಇದು ಹೇಗೆ ಸಾಧ್ಯವಾಯಿತು? ಎರಡು ದೊಡ್ಡ ಬಲಗಳು ಆಗ ತಕ್ಕಡಿಯ ಎರಡು ತಟ್ಟೆಗಳಂತೆ ತೂಗುತ್ತಿದ್ದುವು. ಯಾವುದೂ ಪೂರಾ ಕೆಳಗಿಳಿದಿರಲಿಲ್ಲ. ಅಂಥ ಸಮಯದಲ್ಲಿ ಚಿಕ್ಕವನ ಒಂದು ಹಿಡಿ ಧಾನ್ಯಕ್ಕೂ ಬೆಲೆಯುಂಟು. ಇಬ್ಬರಿಗೂ ಆತನು ಬೇಕು. ಆದುದರಿಂದ ಇಬ್ಬರೂ ಆತನನ್ನು ಸಹಿಸುತ್ತಾರೆ. ದ್ವೈಧೀಭಾವವು ಫಲ ಕೊಡುವ ಕಾಲ ಇದೇ. ಈ ಕಾಲ ಶಾಶ್ವತವೆಂದು ಬಗೆದವನಿಗೆ ಅಪಾಯ ತಪ್ಪಿದ್ದಲ್ಲ.

ಇನ್ನು ದುರ್ಗದವರ ದೌರ್ಬಲ್ಯವನ್ನು ಹೇಳಬೇಕು. ಶತ್ರುವು ತಲೆಯ ಮೇಲಿದ್ದಾಗಲೂ ಚಿಕ್ಕವರು ತಮ್ಮತಮ್ಮೊಳಗೆ ಕಾದುವುದನ್ನು ಬಿಡಲಿಲ್ಲ. ಹರಪನಹಳ್ಳಿಗೂ ದುರ್ಗಕ್ಕೂ, ಬಿದನೂರಿಗೂ ದುರ್ಗಕ್ಕೂ ಗಡಿಯ ಗ್ರಾಮಗಳಿಗಾಗಿ ತಲೆತಲಾಂತರದ ಹಗೆ. ಈ ಹಗೆ 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಸ್ಫೋಟಿಸಿತು. ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು ಈ ನಾಲ್ವರೂ ಒಂದು ಕಡೆ. ಚಿತ್ರದುರ್ಗದ ಹಿರಿಯ ಮದಕರಿನಾಯಕನು ಇನ್ನೊಂದು ಕಡೆ. ಆರ್ಕಾಟಿನ ಗದ್ದುಗೆಯ ಆಸೆಯಿಂದ ಮರಾಠರ ಸೆರೆಯಿಂದ ಬಿಡಿಸಿಕೊಂಡು ಬರುತ್ತಿದ್ದ ಚಂದಾಸಾಹೇಬನು ದುರ್ಗದ ಪಕ್ಷ ಸೇರಿದ್ದನು. ಮದಕರಿನಾಯಕನು ಆನೆಯ ಮೇಲೆಯೇ ಹತನಾದನೆಂದು ಪ್ರತೀತಿ. ಚಂದಾಸಾಹೇಬನ ಮಗ ಸತ್ತನು, ಆತನು ಸೆರೆಯಾದನು. ಗೆದ್ದವರು ಹಬ್ಬ ಮಾಡಿರಬೇಕು. ಆದರೆ ಅವರಲ್ಲಿ ಮೊದಲಿಗನಾದ ಬಿದನೂರಿನ ರಾಜ್ಯವು ಹದಿನೈದೇ ವರ್ಷಗಳಲ್ಲಿ, 1763ರಲ್ಲಿ, ಹೈದರಾಲಿಯ ಪಾಲಾಯಿತು. ಹರಪನಹಳ್ಳಿಯು ಆತನಿಗೆ ತಲೆಬಾಗಿತು. ಸವಣೂರನ್ನು 1786ರಲ್ಲಿ ಟಿಪ್ಪು ಹಿಡಿದನು.

ಬಿದನೂರಿನ ಪತನದಲ್ಲಿ ದುರ್ಗದ ಕೈಯೂ ಇದ್ದಿತೆಂಬುದನ್ನು ಇಲ್ಲಿ ಮುಚ್ಚಿಡಲಾಗದು. ಹೈದರನು 1761ರಲ್ಲಿ ಮೈಸೂರಿನ ಸರ್ವಾಧಿಕಾರವನ್ನು ಕೈಗೆ ತೆಗೆದುಕೊಂಡು ಶಿರಾವನ್ನು ಹಿಡಿದನು; ಮರುವರ್ಷ ದುರ್ಗದ ಸೀಮೆಗೆ ನುಗ್ಗಿ ಕಪ್ಪವನ್ನೂ ದಂಡವನ್ನೂ ಹೇರಿದನು. ಆಗ ದುರ್ಗದಲ್ಲಿದ್ದವನೇ ಕೊನೆಯ ಮದಕರಿನಾಯಕನು; ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದವನು. ಆತನು ಬಿದನೂರಿನ ಗದ್ದುಗೆ ತನ್ನದೆಂದು ಹೇಳಿಕೊಂಡು ಬಂದಿದ್ದ ಚೆನ್ನಬಸವಯ್ಯನನ್ನು ಹೈದರನಿಗೆ ಒಪ್ಪಿಸಿದನು. ಅದೇ ನೆಪದಿಂದ ಹೈದರನು ಬಿದನೂರಿಗೆ ಹೋಗಿ, ಆ ಸಂಪನ್ನವಾದ ನಗರವನ್ನು ತನ್ನದಾಗಿಸಿಕೊಂಡನು. ಮಾಯಕೊಂಡದ ಹಗೆ ತೀರಿತೆಂದು ದುರ್ಗದಲ್ಲಿ ಕೆಲವರು ಸಂತೋಷಪಟ್ಟಿರಬಹುದು. ಆದರೆ ಹೈದರನ ಮೈಸೂರು ಈಗ ದುರ್ಗಕ್ಕೆ ದಕ್ಷಿಣದಲ್ಲಿ ಮಾತ್ರವಲ್ಲ, ಪಶ್ಚಿಮದಲ್ಲಿಯೂ ನೆರೆಯಾಯಿತು.

ಉತ್ತರದಲ್ಲಿ ಪುಣೆಯ ಪೇಶ್ವೆ, ದಕ್ಷಿಣದಲ್ಲಿ ಹೈದರ್. ಇವರಿಬ್ಬರ ಜಗ್ಗಾಟ ಎಂಥದೆಂದು ತಿಳಿಯಬೇಕಾದರೆ ಶಿರಾದ ಕತೆಯೊಂದೇ ಸಾಕು. 1757ರಲ್ಲಿ ಮರಾಠರು ಅದನ್ನು ಹಿಡಿದರು, 1759ರಲ್ಲಿ ಮೊಗಲರ ಕೈಗೆ ಮರಳಿತು, 1761ರಲ್ಲಿ ಹೈದರನದಾಯಿತು, 1766ರಲ್ಲಿ ಮತ್ತೆ ಮರಾಠರದಾಯಿತು, 1774ರಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದನು. ಹದಿನೆಂಟು ವರ್ಷಗಳೊಳಗೆ ಐದು ಸಲ ಧ್ವಜ ಬದಲಾಯಿತು! ಒಂದೇ ಹೊಲಕ್ಕೆ ಇಬ್ಬರು ಗುತ್ತಿಗೆ ಕೇಳಿದಂತೆ ದುರ್ಗದ ನಾಯಕನನ್ನು ಇಬ್ಬರೂ ಕಪ್ಪ ಕೇಳುವರು. ಕೊಟ್ಟರೆ ಇನ್ನೊಬ್ಬನಿಗೆ ಕೋಪ, ಕೊಡದಿದ್ದರೆ ಕೇಳಿದವನಿಗೆ ಕೋಪ.

ಪೇಶ್ವೆ ಮಾಧವರಾಯನು ಸ್ವತಃ ದಂಡೆತ್ತಿ ಬಂದ ಕಾಲದಲ್ಲಿ ಮದಕರಿನಾಯಕನು ಮರಾಠರ ಪಕ್ಷ ಸೇರಿದನು. 1770ರಲ್ಲಿ ಬೆಂಗಳೂರು ತುಮಕೂರು ದಾರಿಯಲ್ಲಿರುವ ನಿಜಗಲ್ಲಿನ ಕೋಟೆಯನ್ನು ಮರಾಠರು ಬಹುದಿನ ಮುತ್ತಿದರೂ ಹಿಡಿಯಲಾರದೆ ಹೋದರು. ಆಗ ದುರ್ಗದ ನಾಯಕನು ತನ್ನ ಬೇಡ ಪಡೆಯೊಡನೆ ಮುಂದಾಗಿ ಕೋಟೆಯನ್ನೇರಿ ಅದನ್ನು ಗೆದ್ದುಕೊಟ್ಟನು. ಶೌರ್ಯದ ದೃಷ್ಟಿಯಿಂದ ಇದು ಹಾಡಿ ಹೊಗಳತಕ್ಕ ಸಾಹಸ. ನೀತಿಯ ದೃಷ್ಟಿಯಿಂದಲೋ, ಮನೆಯ ಪಕ್ಕದಲ್ಲಿರುವ ಹೈದರನಿಗೆ ಮರೆಯಲಾಗದ ನೆನಪನ್ನು ಆತನು ಕೊಟ್ಟಂತಾಯಿತು. ಪುಣೆ ದೂರ, ಶ್ರೀರಂಗಪಟ್ಟಣ ಹತ್ತಿರ. ದೂರದ ಮಿತ್ರನು ಮಳೆಗಾಲ ಬಂದೊಡನೆ ತನ್ನೂರಿಗೆ ಹಿಂದಿರುಗುತ್ತಾನೆ. ಹತ್ತಿರದ ಶತ್ರುವು ಎಲ್ಲ ಕಾಲದಲ್ಲಿಯೂ ಅಲ್ಲಿಯೇ ಇರುತ್ತಾನೆ.

ಎರಡೇ ವರ್ಷಗಳಲ್ಲಿ ತಕ್ಕಡಿ ವಾಲಿತು. 1772ರಲ್ಲಿ ಮಾಧವರಾಯನು ಕ್ಷಯರೋಗದಿಂದ ತೀರಿಕೊಂಡನು. 1773ರಲ್ಲಿ ಆತನ ತಮ್ಮ ನಾರಾಯಣರಾಯನನ್ನು ಅರಮನೆಯಲ್ಲಿಯೇ ಕೊಂದರು. ದಾಯಾದಿ ಕಲಹದಲ್ಲಿ ಇಂಗ್ಲಿಷರು ಪ್ರವೇಶಿಸಿದ್ದರಿಂದ 1775ರಲ್ಲಿ ಮರಾಠರಿಗೂ ಕಂಪೆನಿಗೂ ಯುದ್ಧ ಮೊದಲಾಯಿತು. ಅದು 1782ರವರೆಗೆ ಮುಗಿಯಲಿಲ್ಲ. ಪುಣೆಯವರಿಗೆ ತುಂಗಭದ್ರೆಯ ಈಚೆಗೆ ನೋಡುವುದಕ್ಕೆ ಬಿಡುವಿಲ್ಲದಂತಾಯಿತು. ಹೈದರನು 1775ರಲ್ಲಿ ಬಳ್ಳಾರಿಯನ್ನೂ, 1776ರಲ್ಲಿ ಮುರಾರಿರಾಯನ ಗುತ್ತಿಯನ್ನೂ ನುಂಗಿದನು. ದುರ್ಗದ ಪೂರ್ವದಿಕ್ಕೂ ಮುಚ್ಚಿಹೋಯಿತು.

ಹೀಗಿರಲು 1777ರಲ್ಲಿ ಮರಾಠರೂ ನಿಜಾಮನೂ ಕೂಡಿ ಹೈದರನ ಮೇಲೆ ಬರುವರೆಂಬ ವಾರ್ತೆ ಹುಟ್ಟಿತು. ಸೇನೆಯೊಡನೆ ಬಂದು ಸೇರಬೇಕೆಂದು ಹೈದರನಿಂದ ಆಜ್ಞೆ ಬಂದಾಗ ಮದಕರಿನಾಯಕನು ಕಾಲಹರಣ ಮಾಡಿದನು. ಈ ಸಲ ಹೈದರನು ಸೋಲುವನೆಂದು ಆತನ ಎಣಿಕೆ. ಹೈದರನು ಸೋಲಲಿಲ್ಲ. ನಾಯಕನು ದೊಡ್ಡ ಮೊತ್ತದ ದಂಡವನ್ನು ತೆರಲು ಮುಂದೆ ಬಂದರೂ ಹೈದರನು ಒಪ್ಪದೆ ದುರ್ಗವನ್ನು ಮುತ್ತಿದನು. ಹಣದಿಂದ ತೃಪ್ತನಾಗುವ ಲೋಭವಿಜಯಿಯೆಂದು ನಾಯಕನು ಹದಿನೈದು ವರ್ಷ ಯಾರನ್ನು ತಿಳಿದಿದ್ದನೋ, ಆತನು ಈಗ ಬೇರೆಯ ಬಗೆಯ ವಿಜಯಿಯಾಗಿದ್ದನು. ಬಲಿಷ್ಠನ ಬಗೆ ಒಂದೇ ಸಮನಾಗಿರುವುದಿಲ್ಲ. ಆತನ ಎದುರಾಳಿ ಬಲಹೀನನಾದಂತೆ ಆತನ ಹಸಿವೆ ಬೆಳೆಯುತ್ತದೆ.

ಮುತ್ತಿಗೆ ಕೆಲವು ತಿಂಗಳು ನಡೆದರೂ ಕೋಟೆ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಏಳು ಸುತ್ತಿನ ಕೋಟೆ. ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಹರಿದುಬರುವ ಮಳೆಯ ನೀರು. ಕಣಜಗಳು, ಎಣ್ಣೆಯ ಕೊಳಗಳು. ಕಿಂಡಿಯಿಂದ ನುಸುಳಿದ ಶತ್ರುಗಳನ್ನು ಒನಕೆಯಿಂದ ಬಡಿದ ಓಬವ್ವನ ಕತೆಯನ್ನು ನಮ್ಮ ಮನೆಗಳ ಮಕ್ಕಳೆಲ್ಲರೂ ಬಲ್ಲರು. ದುರ್ಗವನ್ನಾಶ್ರಯಿಸಿ ಕಾಲವನ್ನು ಕಾಯಬೇಕೆಂಬ ಕೌಟಿಲ್ಯನ ಮಾತಿಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು. ಮರಾಠರು ಬರುತ್ತಿರುವರೆಂದು ತಿಳಿದು ಹೈದರನು ದಂಡವನ್ನು ಗೊತ್ತುಮಾಡಿಕೊಂಡು ಮುತ್ತಿಗೆಯನ್ನೆತ್ತಿದನು. ಆದರೆ ಹರಿಪಂತ ಫಡಕೆಯ ನಾಯಕತ್ವದಲ್ಲಿ ಬಂದ ಮರಾಠರ ಸೇನೆಯು ಒಳಜಗಳದಿಂದಲೂ ಹೈದರನ ಹಣದಿಂದಲೂ ಶಕ್ತಿಗುಂದಿ ಹಿಂದಿರುಗಿತು. 1779ರಲ್ಲಿ ಹೈದರನು ಮರಳಿ ಬಂದನು. ಈ ಸಲ ಕೋಟೆಯೊಳಗಿದ್ದ ಕೆಲವು ಸೇನಾಧಿಕಾರಿಗಳು ಆತನೊಡನೆ ಒಳಸಂಚು ಮಾಡಿದರು. ಫಿರಂಗಿಗೆ ಬೀಳದ ಗೋಡೆ ದ್ರೋಹಕ್ಕೆ ಬಿದ್ದಿತು. ನಾಯಕನನ್ನೂ ಆತನ ಪರಿವಾರವನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ತ. ರಾ. ಸುಬ್ಬರಾಯರ “ದುರ್ಗಾಸ್ತಮಾನ”ವನ್ನು ಓದಿದವರಿಗೆ ಈ ಕತೆಯ ಕರುಣವನ್ನು ನಾವು ಬಣ್ಣಿಸಬೇಕಾಗಿಲ್ಲ.

ಅರಸನ ಗತಿಯನ್ನು ಕಾದಂಬರಿ ಹೇಳುತ್ತದೆ. ಪ್ರಜೆಗಳ ಗತಿಯನ್ನು ಹೇಳುವವರು ಕಡಮೆ. ದುರ್ಗದ ಸೀಮೆಯಿಂದ ಸುಮಾರು 20,000 ಮಂದಿ ಬೇಡರನ್ನು ಒಕ್ಕಲೆಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದರೆಂದೂ, ಅವರ ಗಂಡುಮಕ್ಕಳನ್ನು ಆಯ್ದು ಚೇಲರ ಪಡೆಗಳನ್ನು ಕಟ್ಟಿದರೆಂದೂ ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸ್ ತಿಳಿಸುತ್ತಾನೆ. ಶಿರಾದಿಂದಲೂ 12,000 ಸಂಸಾರಗಳನ್ನು ಗಂಜಾಮಿಗೆ ಒಯ್ದರೆಂದು ಹೇಳುತ್ತಾರೆ. ಉತ್ತು ಬಿತ್ತಿದ ಹೊಲ, ಕಟ್ಟಿದ ದನ, ಪೂಜಿಸಿದ ದೇವರು ಎಲ್ಲವನ್ನೂ ಬಿಟ್ಟು ಹೆಂಗಸರೂ ಮಕ್ಕಳೂ ನೂರು ಮೈಲಿ ನಡೆದರು. ಯಾವ ಪಕ್ಷ ಸೇರಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಪರರಾಜ್ಯನೀತಿಯೆಂಬುದು ಅರಮನೆಯ ಆಟವಲ್ಲ. ಅದರ ಸೋಲಿನ ಲೆಕ್ಕವನ್ನು ಕೊನೆಗೆ ಅಡಿಗೆಯ ಮನೆಯಲ್ಲಿ ತೀರಿಸಬೇಕಾಗುತ್ತದೆ.

ಇದರಿಂದ ನಾವು ತಿಳಿಯತಕ್ಕದ್ದೇನು? ಮದಕರಿನಾಯಕನು ಪಕ್ಷ ಬದಲಾಯಿಸಿದುದೇ ತಪ್ಪೆಂದು ಕೆಲವರು ಹೇಳುವರು. ಅದು ಸರಿಯಲ್ಲ. ಪಕ್ಷ ಬದಲಾಯಿಸದೆ ಆತನ ಪೂರ್ವಿಕರಾರೂ ಉಳಿಯಲಿಲ್ಲ. ಹೈದರನನ್ನೇ ನಿಷ್ಠೆಯಿಂದ ಸೇವಿಸಿದ್ದರೆ ಬಾಳುತ್ತಿದ್ದನೆಂಬುದೂ ನಿಶ್ಚಯವಿಲ್ಲ. ನಮ್ಮ ಅಭಿಪ್ರಾಯವಿಷ್ಟೇ. ದುರ್ಗವು ಬಿದ್ದದ್ದು 1779ರಲ್ಲಿ. ಆದರೆ ಅದರ ಹೊರಬಾಗಿಲು ತೆರೆದದ್ದು 1748ರಲ್ಲಿ, ಮಾಯಕೊಂಡದ ಬಯಲಿನಲ್ಲಿ. ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರು, ಚಿತ್ರದುರ್ಗ ಈ ಐವರೂ ಗಡಿಯ ಹಳ್ಳಿಗಳ ವ್ಯಾಜ್ಯವನ್ನು ತೀರಿಸಿಕೊಂಡು ಒಂದು ಕಟ್ಟಾಗಿದ್ದರೆ, ಪುಣೆಯವರೂ ಶ್ರೀರಂಗಪಟ್ಟಣದವರೂ ಅವರೊಡನೆ ಮರ್ಯಾದೆಯಿಂದ ಮಾತನಾಡುತ್ತಿದ್ದರು. ಬಿಡಿಬಿಡಿಯಾಗಿದ್ದುದರಿಂದ ಒಬ್ಬೊಬ್ಬರಾಗಿ ಮುರಿದರು; ಅಷ್ಟೇ ಅಲ್ಲದೆ ಒಬ್ಬನನ್ನು ಮುರಿಯುವುದಕ್ಕೆ ಇನ್ನೊಬ್ಬನೇ ಕೈಗೊಟ್ಟನು.

ಇಂದಿನ ಲೋಕದಿಂದ ಇದಕ್ಕೊಂದು ಪ್ರತ್ಯುದಾಹರಣೆ ಕೊಡಬಹುದು. ಇಂಡೋನೇಷ್ಯ ಮಲೇಷ್ಯಗಳು 1963ರಿಂದ 1966ರವರೆಗೆ ಪರಸ್ಪರ ಕಾದಿದ್ದುವು. ಮರುವರ್ಷವೇ, 1967ರಲ್ಲಿ, ಅವೆರಡೂ ಫಿಲಿಪ್ಪೀನ್ಸ್, ಸಿಂಗಪುರ, ಥಾಯ್‌ಲೆಂಡುಗಳೊಡನೆ ಬ್ಯಾಂಕಾಕಿನಲ್ಲಿ ಕುಳಿತು ಆಸಿಯಾನ್ ಎಂಬ ಒಕ್ಕೂಟವನ್ನು ಕಟ್ಟಿದುವು. ಅಮೆರಿಕ, ರಷ್ಯ, ಚೀನಗಳ ಪೈಪೋಟಿ ವಿಯಟ್ನಾಮಿನಲ್ಲಿ ಬೆಂಕಿಯಾಗಿ ಉರಿಯುತ್ತಿದ್ದ ಕಾಲವದು. ಅವರ ವ್ಯಾಜ್ಯಗಳೆಲ್ಲವೂ ತೀರಿದುವೆಂದಲ್ಲ. ಆದರೆ ಆ ಐವರು ಮತ್ತೆ ಪರಸ್ಪರ ಯುದ್ಧ ಮಾಡಲಿಲ್ಲ. ತಮ್ಮ ಮಾಯಕೊಂಡವನ್ನು ಅವರು ತಪ್ಪಿಸಿಕೊಂಡರೆಂದು ಹೇಳಬಹುದು. ನಮ್ಮ ಕಡೆ 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್ ಕೂಟವು ಆ ಮಟ್ಟಕ್ಕೆ ಬೆಳೆಯಲಿಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಾಗಿದ್ದ ಅದರ ಮಹಾಸಭೆ ನಡೆಯದೆಯೇ ನಿಂತಿತು.

ಈಗ ನಮ್ಮ ನೆರೆಯವರನ್ನು ನೋಡೋಣ. ನೇಪಾಳವನ್ನು ಒಂದುಗೂಡಿಸಿದ ಪೃಥ್ವೀನಾರಾಯಣ ಶಾಹನು ತನ್ನ ರಾಜ್ಯವನ್ನು ಎರಡು ಬಂಡೆಗಳ ನಡುವಣ ಗೆಡ್ಡೆಗೆ ಹೋಲಿಸಿದನು. ಆತನು ತೀರಿಕೊಂಡದ್ದು 1775ರಲ್ಲಿ. ನಮ್ಮ ಮದಕರಿನಾಯಕನ ಸಮಕಾಲೀನನು. 1816ರ ಸುಗೌಲಿ ಸಂಧಿಯಿಂದ ಆ ರಾಜ್ಯ ಬಹಳ ನೆಲವನ್ನು ಕಳೆದುಕೊಂಡರೂ ಉಳಿಯಿತು. 1950ರಲ್ಲಿ ಭಾರತದೊಡನೆಯೂ, 1960ರಲ್ಲಿ ಚೀನದೊಡನೆಯೂ ಸ್ನೇಹಸಂಧಿ ಮಾಡಿಕೊಂಡಿತು. 2017ರಲ್ಲಿ ಚೀನದ ರಸ್ತೆ ಬಂದರುಗಳ ಯೋಜನೆಗೆ ಸೇರಿತು. 2022ರಲ್ಲಿ ಅಮೆರಿಕದ 50 ಕೋಟಿ ಡಾಲರುಗಳ ನೆರವನ್ನೂ ತನ್ನ ಸಂಸತ್ತಿನಲ್ಲಿ ಅಂಗೀಕರಿಸಿತು. 2015ರಲ್ಲಿ ನಮ್ಮ ಗಡಿಯಿಂದ ಸಾಮಾನು ಸಾಗದೆ ಅಲ್ಲಿಯ ಮನೆಗಳಲ್ಲಿ ಅಡಿಗೆಯ ಅನಿಲಕ್ಕೂ ಕಷ್ಟವಾಯಿತು. ಮರುವರ್ಷ ಅವರು ಚೀನದೊಡನೆ ಸಾಗಣೆಯ ಒಪ್ಪಂದ ಮಾಡಿಕೊಂಡರು. ಒಂದೇ ಬಾಗಿಲಿನ ಮನೆಯವನು ಇನ್ನೊಂದು ಬಾಗಿಲನ್ನು ಇಡಿಸಿಕೊಂಡರೆ ಅದನ್ನು ಕೃತಘ್ನತೆಯೆನ್ನಬೇಕೆ?

ಭೂತಾನವು ಸಂಶ್ರಯದ ದಾರಿಯನ್ನು ಆರಿಸಿತು. 1949ರ ಸಂಧಿಯಂತೆ ವಿದೇಶ ವ್ಯವಹಾರಗಳಲ್ಲಿ ಭಾರತದ ಸಲಹೆಯಂತೆ ನಡೆಯಲು ಒಪ್ಪಿತ್ತು. 2007ರಲ್ಲಿ ಆ ಸಂಧಿಯನ್ನು ಇಬ್ಬರೂ ಸ್ನೇಹದಿಂದಲೇ ತಿದ್ದಿ, ಆ ಕಟ್ಟನ್ನು ಸಡಿಲಿಸಿದರು. ಮಾಲ್ಡೀವಿನವರು 2024ರ ಮೇ ತಿಂಗಳೊಳಗೆ ನಮ್ಮ ಸೈನಿಕರನ್ನು ಹಿಂದಕ್ಕೆ ಕಳುಹಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ಅಧ್ಯಕ್ಷರು ದೆಹಲಿಗೆ ಬಂದು ಹಣದ ನೆರವನ್ನು ಪಡೆದು ಹೋದರು. ಶ್ರೀಲಂಕೆಯು 2017ರಲ್ಲಿ ಹಂಬನ್‌ತೋಟದ ಬಂದರನ್ನು 99 ವರ್ಷಗಳಿಗೆ ಚೀನದ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. 2022ರಲ್ಲಿ ಸಾಲ ತೀರಿಸಲಾರದೆ ಕೈಚೆಲ್ಲಿದಾಗ ಸುಮಾರು 400 ಕೋಟಿ ಡಾಲರುಗಳ ನೆರವನ್ನು ಕೊಟ್ಟು ಮೊದಲು ಕೈಹಿಡಿದದ್ದು ಭಾರತ. ಆದರೂ ಅದೇ ವರ್ಷದ ಆಗಸ್ಟಿನಲ್ಲಿ, ನಮ್ಮ ಆಕ್ಷೇಪವನ್ನು ಮೀರಿ, ಚೀನದ ಹಡಗೊಂದು ಆ ಬಂದರಿಗೆ ಬಂದು ನಿಂತಿತು. ಲಂಕೆಯ ಸಾಲದಲ್ಲಿ ಚೀನದ್ದಕ್ಕಿಂತ ಹೆಚ್ಚಿನ ಪಾಲು ಪರದೇಶದ ಪೇಟೆಗಳಲ್ಲಿ ಮಾರಿದ ಸಾಲಪತ್ರಗಳದ್ದು. ಕೋಶವನ್ನು ಕಾಯದ ತಪ್ಪು ಮೂಲದಲ್ಲಿ ಮನೆಯವರದೇ. ನೀರೂ ಧಾನ್ಯವೂ ಒಳಗಿದ್ದುದರಿಂದ ನಮ್ಮ ದುರ್ಗವು ಮೊದಲ ಮುತ್ತಿಗೆಯನ್ನು ಗೆದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಬರಿದಾದ ಕಣಜದವನಿಗೆ ಆರು ಗುಣಗಳಲ್ಲಿ ಯಾವುದೂ ಒಲಿಯದು.

ಹೀಗೆ ನೋಡಿದರೆ ನೆರೆಯವರ ನಡೆಯಲ್ಲಿ ವಿಚಿತ್ರವೇನೂ ಇಲ್ಲ. ನಮ್ಮ ಹಿರಿಯೂರಿನ ಕಾಲುವೆಯ ಬಳಿ ಇಬ್ಬರು ದೊಡ್ಡ ಹಿಡುವಳಿದಾರರ ನಡುವೆ ಎರಡೆಕರೆಯ ತೆಂಗಿನ ತೋಟವಿರುವ ಒಬ್ಬ ಗೃಹಸ್ಥನನ್ನು ಎಣಿಸಿಕೊಳ್ಳಿರಿ. ಆತನು ಇಬ್ಬರ ಮನೆಯ ಮದುವೆಗೂ ಹೋಗುವನು. ಇಬ್ಬರಿಂದಲೂ ಕಷ್ಟಕಾಲದಲ್ಲಿ ಸಹಾಯ ಪಡೆಯುವನು. ಬದುವಿನ ವಿಷಯದಲ್ಲಿ ಮಾತ್ರ ಯಾರಿಗೂ ಒಂದಂಗುಲ ಬಿಡನು. ಆತನನ್ನು ನಾವು ಕಪಟಿಯೆನ್ನುವುದಿಲ್ಲ, ಸಂಸಾರವಂದಿಗನೆನ್ನುತ್ತೇವೆ.

ಇದರ ಅರ್ಥ ನಮ್ಮ ದೇಶವು ತನ್ನ ರಕ್ಷಣೆಯನ್ನು ಮರೆಯಬೇಕೆಂದಲ್ಲ. ನೆರೆಯ ಬಂದರಿನಲ್ಲಿ ಪರಬಲದ ಹಡಗು ಬಂದು ನಿಂತರೆ ಕಣ್ಣು ಮುಚ್ಚಿ ಕುಳಿತುಕೊಳ್ಳಲಾಗದು, ಆಕ್ಷೇಪಿಸತಕ್ಕದ್ದೇ. ಆದರೆ ದುರ್ಗದ ಕತೆಯನ್ನು ಓದುವಾಗ ನಾವು ಸಹಜವಾಗಿಯೇ ನಾಯಕನ ಪಕ್ಷದಲ್ಲಿ ನಿಲ್ಲುತ್ತೇವೆ. ಲೋಕದ ಇಂದಿನ ಭೂಪಟದಲ್ಲಾದರೋ ನಮ್ಮ ಭಾರತವು ನೆರೆಯವರ ಕಣ್ಣಿಗೆ ಪುಣೆಯಂತೆಯೂ ಶ್ರೀರಂಗಪಟ್ಟಣದಂತೆಯೂ ಕಾಣುತ್ತದೆಂಬುದನ್ನು ಮರೆಯುತ್ತೇವೆ. ಚಿಕ್ಕವರು ಭಯದಿಂದ ಓಡುವುದು ದೂರದ ಬಲಿಷ್ಠನ ಕಡೆಗೆ. ಹತ್ತಿರದವನು ಧರ್ಮವಿಜಯಿಯೆಂದು ಅವರಿಗೆ ನಂಬಿಕೆ ಬಂದರೆ ಓಡಬೇಕಾದ ಕಾರಣವೇ ಇರುವುದಿಲ್ಲ. ಆ ನಂಬಿಕೆಯನ್ನು ಒಪ್ಪಂದದ ಕಾಗದದಿಂದ ಹುಟ್ಟಿಸಲಾಗದು. ವರ್ಷ ವರ್ಷದ ನಡೆಯಿಂದ ಹುಟ್ಟಿಸಬೇಕು. ಕಷ್ಟಕಾಲದಲ್ಲಿ ಲಂಕೆಗೆ ಕೊಟ್ಟ ನೆರವು ಅಂಥ ನಡೆ; ಪಕ್ಕದ ಮನೆಯ ಒಲೆ ಆರುವಂತೆ ಮಾಡುವುದು ಅಂಥ ನಡೆಯಲ್ಲ.

ಚಿತ್ರದುರ್ಗಕ್ಕೆ ಹೋಗುವ ವಾಚಕರು ಮಕ್ಕಳಿಗೆ ಒನಕೆಯ ಕಿಂಡಿಯನ್ನು ತೋರಿಸುವುದು ರೂಢಿ. ತೋರಿಸಲಿ; ಅದು ತೋರಿಸತಕ್ಕದ್ದೇ. ಅದರೊಡನೆ ಬತೇರಿಯ ಮೇಲೆ ನಿಲ್ಲಿಸಿ ದಿಕ್ಕುಗಳನ್ನೂ ತೋರಿಸಲಿ. ಇತ್ತ ಬಿದನೂರು, ಅತ್ತ ಹರಪನಹಳ್ಳಿ, ಅದರಾಚೆ ಪುಣೆ, ಹಿಂದುಗಡೆ ಶಿರಾ, ಶ್ರೀರಂಗಪಟ್ಟಣ. ಇವರೆಲ್ಲರ ನಡುವೆ ಇನ್ನೂರು ವರ್ಷ ಬಾಳಿದವರು ನಮ್ಮವರೆಂದೂ, ನೆರೆಯವರೊಡನೆ ಕೂಡಿ ಬಾಳಿದ್ದರೆ ಇನ್ನೂ ಬಹುಕಾಲ ಬಾಳುತ್ತಿದ್ದರೆಂದೂ ತಿಳಿಸಲಿ. ಅದನ್ನು ಕೇಳಿ ಬೆಳೆದ ಹುಡುಗನು ನಾಳೆ ಪತ್ರಿಕೆಯಲ್ಲಿ ನೆರೆಯ ಚಿಕ್ಕ ದೇಶವೊಂದರ ಸುದ್ದಿಯನ್ನು ಓದಿದಾಗ, ಸಿಟ್ಟಾಗುವ ಮೊದಲು ಒಂದು ಗಳಿಗೆ ಯೋಚಿಸುವನು.